ಮನೆ ತಾರಸಿಯ ಕರೆಂಟು: ಮಾರಾಟಕ್ಕಲ್ಲ, ಮನೆ ಖರ್ಚಿಗೆ

ಸೋಲಾರ್ ಅಂದಾಗ ನಮ್ಮ ಕಡೆ ಜನಕ್ಕೆ ನೆನಪಾಗುವುದು ಎರಡು. ಒಂದು, ತಾರಸಿ ಮೇಲಿನ ನೀರು ಕಾಯಿಸುವ ಟ್ಯಾಂಕು. ಇನ್ನೊಂದು, ಬ್ಯಾಟರಿಗೆ ಜೋಡಿಸಿದ ದೀಪ. ಬೆಂಗಳೂರಿನ ಸೆಲ್ಕೋ ಸಂಸ್ಥೆ 1995ರಲ್ಲಿ ಶುರುವಾಗಿ ಕರ್ನಾಟಕದ ಹಳ್ಳಿಮನೆಗಳಿಗೆ ಮುಟ್ಟಿಸಿದ್ದು ಹೆಚ್ಚಾಗಿ ಈ ಎರಡನೆಯ ಬಗೆಯನ್ನು. ನಾನಿಲ್ಲಿ ಹೇಳಹೊರಟಿರುವುದು ಮೂರನೆಯದರ ಬಗ್ಗೆ. ಇದರಲ್ಲಿ ಬ್ಯಾಟರಿ ಇಲ್ಲ. ತಾರಸಿಯಲ್ಲಿ ಹುಟ್ಟುವ ಕರೆಂಟು ಮನೆಗೆ ಬೇಕಾದಷ್ಟು ಬಳಕೆಯಾಗಿ, ಮಿಕ್ಕದ್ದು ಕಂಬದ ಲೈನಿಗೆ ಹೋಗುತ್ತದೆ. ರಾತ್ರಿ ನಮಗೆ ಬೇಕಾದದ್ದು ಅದೇ ಲೈನಿನಿಂದ ವಾಪಸು ಬರುತ್ತದೆ.

ನನ್ನದು ಮಾಗಡಿ ತಾಲ್ಲೂಕಿನಲ್ಲಿ ಮೂರು ಎಕರೆ. ರಾಗಿ, ಅವರೆ, ಸ್ವಲ್ಪ ಮಾವು, ಬದುವಿನಲ್ಲಿ ತೆಂಗು. ಮಕ್ಕಳ ಓದಿಗೆಂದು ಬೆಂಗಳೂರಿನ ನಂದಿನಿ ಲೇಔಟ್‌ನಲ್ಲಿ 30-40ರ ಸೈಟಿನಲ್ಲಿ ಒಂದು ಮನೆ ಮಾಡಿದ್ದೆವು. ಯಶವಂತಪುರ ಯಾರ್ಡ್‌ಗೆ ಹತ್ತಿರ ಅನ್ನುವುದೂ ಒಂದು ಕಾರಣ. ಈಗ ಅಲ್ಲಿ ಮಗನ ಸಂಸಾರ ಇದೆ. ನಾನು, ನಮ್ಮನೆಯವರು ವಾರದಲ್ಲಿ ಅರ್ಧ ಅಲ್ಲಿ, ಅರ್ಧ ಹೊಲದಲ್ಲಿ. 2025ರ ಜನವರಿಯಿಂದ ಆ ತಾರಸಿಯಲ್ಲಿ 2 ಕಿಲೋವ್ಯಾಟಿನ ಸೋಲಾರ್ ನಡೆಯುತ್ತಿದೆ. ಒಂದು ವರ್ಷದ ಲೆಕ್ಕ ಕೈಗೆ ಬಂದಿರುವುದರಿಂದ ಈಗ ಬರೆಯಬಹುದು ಅನ್ನಿಸಿತು.

ಇದಕ್ಕೆ ಹಾಕಿದ ಹಣ ಮಾವಿನ ಫಸಲಿನದು. ಅದೇ ದುಡ್ಡಿಗೆ ಹೊಲದಲ್ಲಿ ಹನಿ ನೀರಾವರಿ ಪೈಪು ಕಾದಿತ್ತು, ಕೊಟ್ಟಿಗೆಯ ಶೀಟು ಕಾದಿತ್ತು. ‘ಪೇಟೆ ಮನೆ ಮಾಡಿಗೆ ಗಾಜು ಹಾಸೋದಕ್ಕೆ ತೋಟದ ದುಡ್ಡೇ ಬೇಕಾ?’ ಅಂತ ನಮ್ಮನೆಯವರು ಕೇಳಿದ್ದರು. ಪ್ರಶ್ನೆ ಸರಿಯಾಗಿಯೇ ಇತ್ತು. ಹಾಗಾಗಿ ಪ್ಯಾನೆಲ್ ಅಂಗಡಿಗೆ ಹೋಗುವ ಮುಂಚೆ ಕಾಗದ, ಪೆನ್ನು ಹಿಡಿದು ಕೂರಬೇಕಾಯಿತು.

ಮೊದಲು ಬಿಲ್ ತೆಗೆಯಿರಿ

ಹನ್ನೆರಡು ತಿಂಗಳ ಬಿಲ್ ಮುಂದಿಟ್ಟುಕೊಳ್ಳಿ. ಲೆಕ್ಕ ಶುರುವಾಗುವುದು ಅಲ್ಲಿಂದ, ತಾರಸಿಯ ಅಗಲದಿಂದ ಅಲ್ಲ.

ನಮ್ಮ ಮನೆಯಲ್ಲಿ ತಿಂಗಳಿಗೆ ಸರಾಸರಿ 280 ಯೂನಿಟ್ ಖರ್ಚಾಗುತ್ತಿತ್ತು. ಸಂಪಿನಿಂದ ನೀರೆತ್ತುವ ಮೋಟಾರು, ಫ್ರಿಜ್ಜು, ವಾಷಿಂಗ್ ಮೆಷಿನ್ನು, ಮನೆಯಿಂದಲೇ ಕೆಲಸ ಮಾಡುವ ಮಗನ ಕಂಪ್ಯೂಟರು. ಬಿಲ್ಲು 2,100ರಿಂದ 2,300 ರೂಪಾಯಿ.

ಇಲ್ಲಿ ಗೃಹಜ್ಯೋತಿಯ ಮಾತು ಬರುತ್ತದೆ. 2023ರ ಜುಲೈಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆ ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ, ಹೆಚ್ಚೆಂದರೆ 200 ಯೂನಿಟ್‌ವರೆಗೆ ಬಿಲ್ ಮನ್ನಾ. 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ನಮ್ಮದು ಪ್ರತಿ ತಿಂಗಳೂ 200 ದಾಟುವ ಮನೆ. ಆದ್ದರಿಂದ ಸೋಲಾರ್ ನಮಗೆ ಲಾಭ.

ಹಳ್ಳಿಯ ಎಷ್ಟೋ ಮನೆಗಳಲ್ಲಿ ತಿಂಗಳಿಗೆ 60-70 ಯೂನಿಟ್ ದಾಟುವುದಿಲ್ಲ. ಬಿಲ್ ಸೊನ್ನೆ ಬರುತ್ತದೆ. ಅಂಥವರು ಯಾರ ಮಾತಿಗೂ ಮರುಳಾಗಿ ಸಾಲ ಮಾಡಿ ಸೋಲಾರ್ ಹಾಕಿಸಬೇಕಾಗಿಲ್ಲ. ಕಟ್ಟದೇ ಇರುವ ಬಿಲ್ಲನ್ನು ಉಳಿಸುವುದು ಹೇಗೆ? ಪಂಪ್‌ಸೆಟ್ಟಿನ ವಿಷಯವೂ ಅಷ್ಟೆ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಕರೆಂಟು ಪುಕ್ಕಟೆ. ಅಲ್ಲಿ ತೊಂದರೆ ಬಿಲ್ಲಿನದಲ್ಲ, ಕರೆಂಟು ಬರುವ ಹೊತ್ತಿನದು. ಅದಕ್ಕೆ ದಾರಿಯೇ ಬೇರೆ, ಕೊನೆಯಲ್ಲಿ ಹೇಳುತ್ತೇನೆ.

ಎಷ್ಟು ದೊಡ್ಡದು ಬೇಕು?

ಬೆಂಗಳೂರಿನ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ವರ್ಷಕ್ಕೆ 1,400ರ ಆಸುಪಾಸು. ನೆರಳಿಲ್ಲದ ಸುಮಾರು 100 ಚದರಡಿ ಜಾಗ ಬೇಕು. ನಮಗೆ ತಿಂಗಳಿಗೆ 280 ಬೇಕು, 2 ಕಿಲೋವ್ಯಾಟ್ ಹಾಕಿದರೆ 230-240 ಬರುತ್ತದೆ. ಅಷ್ಟು ಸಾಕು ಅಂತ ತೀರ್ಮಾನ ಮಾಡಿದೆ.

ಮನೆಗೆ ಬಂದ ಒಬ್ಬ ಮಾರಾಟಗಾರನಿಗೆ ಇದು ಒಪ್ಪಿಗೆಯಾಗಲಿಲ್ಲ.

‘ಯಜಮಾನ್ರೇ, ಇಷ್ಟು ಜಾಗ ಇಟ್ಕೊಂಡು ಎರಡು ಕಿಲೋವ್ಯಾಟಾ? ಐದು ಹಾಕಿಸಿ. ಮಿಕ್ಕಿದ್ದನ್ನ ಬೆಸ್ಕಾಂಗೆ ಮಾರ್ಕೊಳ್ಳಿ. ಕೂತಲ್ಲಿ ದುಡ್ಡು.’

‘ಯೂನಿಟ್ಟಿಗೆ ಎಷ್ಟು ಕೊಡ್ತಾರಪ್ಪಾ?’ ಅಂದೆ.

ಅದಕ್ಕೆ ಅವನು ನೇರ ಉತ್ತರ ಕೊಡಲಿಲ್ಲ. ಉತ್ತರ ಇಲ್ಲಿದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರಲ್ಲಿ ತಾರಸಿ ಸೋಲಾರಿಗೆ ಸಬ್ಸಿಡಿ ಪಡೆಯದಿದ್ದರೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ, ಪಡೆದಿದ್ದರೆ 7 ರೂಪಾಯಿ 20 ಪೈಸೆ ನಿಗದಿ ಮಾಡಿತ್ತು. ಆಗ ಪ್ಯಾನೆಲ್ ದುಬಾರಿ, ಹಾಕಿಸುವವರು ಕಡಿಮೆ. ಆ ದರಕ್ಕೆ 25 ವರ್ಷದ ಒಪ್ಪಂದ ಮಾಡಿಕೊಂಡವರಿಗೆ ಅನುಕೂಲವಾಯಿತು. ಪ್ಯಾನೆಲ್ ಬೆಲೆ ಇಳಿದ ಹಾಗೆ ಹೊಸಬರಿಗೆ ಕೊಡುವ ದರವೂ ಇಳಿಯುತ್ತಾ ಬಂತು. ಈಗ ಸಬ್ಸಿಡಿ ಪಡೆದು ಹಾಕಿಸುವ ಸಣ್ಣ ಮನೆಗೆ ಸಿಗುವ ದರ, ನಾವು ಕೊಳ್ಳುವ ದರದ ಅರ್ಧ ಅಥವಾ ಅದಕ್ಕೂ ಕಡಿಮೆ. ವೆನಿಲ್ಲಾದ ಕಾಲ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಬೆಳೆದವನ ಬೆಲೆ ಕೇಳಿ ಆಮೇಲೆ ಬಳ್ಳಿ ನೆಟ್ಟವರ ಪಾಡು ನಾವೆಲ್ಲ ನೋಡಿದ್ದೇವೆ.

ಇನ್ನು ನಾವು ಕೊಳ್ಳುವ ದರ. 2025ರ ಏಪ್ರಿಲಿನಲ್ಲಿ ಮನೆಗಳಿಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ನಿಗದಿಯಾಯಿತು. ಸರ್‌ಚಾರ್ಜು, ತೆರಿಗೆ ಸೇರಿದರೆ ಆರೂವರೆ ದಾಟುತ್ತದೆ. ಅಂದರೆ ಮನೆಗೆ ಬಳಸಿದ ಒಂದೊಂದು ಯೂನಿಟ್ಟೂ ನಮಗೆ ಆರೂವರೆ ಉಳಿಸುತ್ತದೆ, ಮಾರಿದ ಯೂನಿಟ್ಟು ಅದರ ಅರ್ಧವನ್ನೂ ತರುವುದು ಕಷ್ಟ. ಮನೆ ಖರ್ಚಿಗೆ ರಾಗಿ ಬೆಳೆಯುವವನಿಗೂ ಮಂಡಿಗೆ ಹಾಕಲು ಬೆಳೆಯುವವನಿಗೂ ಇರುವ ವ್ಯತ್ಯಾಸ ಇದೇ.

ಮುಯ್ಯಾಳಿನ ಲೆಕ್ಕ

ಈ ಏರ್ಪಾಟಿಗೆ ನೆಟ್ ಮೀಟರಿಂಗ್ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮುಯ್ಯಾಳು. ನಾಟಿಗೆ ನಾವು ಅವರ ಗದ್ದೆಗೆ ನಾಲ್ಕಾಳು ಹೋದರೆ, ನಮ್ಮ ನಾಟಿಗೆ ಅವರು ನಾಲ್ಕಾಳು ಬರುತ್ತಾರೆ. ಮಧ್ಯೆ ದುಡ್ಡಿಲ್ಲ. ಹಗಲು ನಾವು ಬೆಸ್ಕಾಂ ಲೈನಿಗೆ ಆರು ಯೂನಿಟ್ ಕೊಟ್ಟರೆ, ರಾತ್ರಿ ಆರು ಯೂನಿಟ್ ಹಾಗೇ ವಾಪಸು. ಅದಕ್ಕೂ ಮೇಲೆ ಬಳಸಿದ್ದಕ್ಕೆ ಮಾತ್ರ ಬಿಲ್ಲು.

ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಅಂದಿನಿಂದ ಕರೆಂಟು ಬರುವುದು ಹೊಳೆ ಕಡೆಯಿಂದ ಮನೆ ಕಡೆಗೆ, ಒಂದೇ ದಿಕ್ಕಿಗೆ. ಈಗ ಮನೆ ತಾರಸಿಯಿಂದಲೂ ಅದೇ ತಂತಿಗೆ ವಾಪಸು ಹೋಗುತ್ತಿದೆ. ಅದಕ್ಕೆ ಹಳೆ ಮೀಟರು ಸಾಲದು. ಬಂದದ್ದು, ಹೋದದ್ದು ಎರಡನ್ನೂ ಬೇರೆ ಬೇರೆ ಎಣಿಸುವ ಮೀಟರು ಹಾಕುತ್ತಾರೆ.

ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಸೋಲಾರ್ ಪೆಟ್ಟಿಗೆ ‘ಇವತ್ತು 9 ಯೂನಿಟ್’ ಅಂತ ತೋರಿಸುತ್ತದೆ, ಮೀಟರಿನಲ್ಲಿ ಹೊರಗೆ ಹೋದದ್ದು 6 ಮಾತ್ರ ಇರುತ್ತದೆ. ಮೂರು ಯೂನಿಟ್ ಯಾರು ನುಂಗಿದರು? ಯಾರೂ ಇಲ್ಲ. ಹಗಲು ಮೋಟಾರು, ಫ್ರಿಜ್ಜು ಓಡಿದ್ದು ಅದರಲ್ಲೇ. ಅದು ಮೀಟರಿನ ತನಕ ಹೋಗುವುದೇ ಇಲ್ಲ.

ಕರೆಂಟು ಹೋದರೆ ಇದೂ ಇಲ್ಲ

ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಲೈನಿನಲ್ಲಿ ಕರೆಂಟು ಹೋದ ತಕ್ಷಣ ಈ ಸೋಲಾರ್ ಕೂಡ ನಿಲ್ಲುತ್ತದೆ, ನಡುಮಧ್ಯಾಹ್ನ ಬಿಸಿಲು ಕಾದಿದ್ದರೂ ಅಷ್ಟೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ವ್ಯವಸ್ಥೆ. ಕಂಬ ಹತ್ತಿದ ಲೈನ್‌ಮನ್ ಲೈನು ಸತ್ತಿದೆ ಅಂತ ತಂತಿ ಮುಟ್ಟಿದಾಗ ನಮ್ಮ ತಾರಸಿಯಿಂದ ಕರೆಂಟು ಹರಿದರೆ ಅವನ ಜೀವ ಹೋಗುತ್ತದೆ. ಅದಕ್ಕೇ ಪೆಟ್ಟಿಗೆ ತಾನೇ ಆಫ್ ಆಗುತ್ತದೆ.

ನಂದಿನಿ ಲೇಔಟ್‌ನಲ್ಲಿ ಕರೆಂಟು ಹೋಗುವುದು ಆಗೊಮ್ಮೆ ಈಗೊಮ್ಮೆ. ಮನೆಯಲ್ಲಿದ್ದ ಹಳೆ ಯುಪಿಎಸ್ ಅಷ್ಟು ಹೊತ್ತಿಗೆ ಸಾಕು. ಹೊಲದ ಮನೆಯಲ್ಲಿ ದಿನಕ್ಕೆ ನಾಲ್ಕಾರು ತಾಸು ಕರೆಂಟಿಲ್ಲದಿದ್ದರೆ ಈ ಬಗೆ ಸರಿಹೋಗುವುದಿಲ್ಲ. ಅಲ್ಲಿಗೆ ಬ್ಯಾಟರಿ ಸೇರಿದ ಹೈಬ್ರಿಡ್ ಬೇಕು. ಖರ್ಚು ಬಹಳ ಹೆಚ್ಚು, ಬ್ಯಾಟರಿ ಬದಲಿಸುವ ಖರ್ಚು ಬೇರೆ.

ನೆರಳು ನೋಡುವುದು ರೈತನ ಕೆಲಸ

ಯಾವ ಗಿಡದ ನೆರಳು ಎಲ್ಲಿಗೆ ಬೀಳುತ್ತದೆ ಅನ್ನುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆ ಬುದ್ಧಿ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಪ್ಯಾನೆಲ್‌ಗಳನ್ನು ಒಂದರ ಬಾಲಕ್ಕೆ ಒಂದು ಸಾಲಾಗಿ ಜೋಡಿಸುತ್ತಾರೆ. ಹನಿ ಪೈಪು ಒಂದು ಕಡೆ ಮಡಿಚಿಕೊಂಡರೆ ಮುಂದಿನ ಗಿಡಕ್ಕೆಲ್ಲ ನೀರು ಕಮ್ಮಿಯಾಗುತ್ತದಲ್ಲ, ಹಾಗೆ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಇಳುವರಿ ಇಳಿಯಬಹುದು. ನಂದಿನಿ ಲೇಔಟ್‌ನಂಥ ಕಡೆ ಮನೆಗೆ ಮನೆ ಅಂಟಿಕೊಂಡಿದೆ. ಪಕ್ಕದವರ ಮೂರನೇ ಮಹಡಿ, ಸಿಂಟೆಕ್ಸ್ ಟ್ಯಾಂಕು, ನಮ್ಮದೇ ಮೆಟ್ಟಿಲ ಕೋಣೆ, ಎಲ್ಲವೂ ನೆರಳು ಚೆಲ್ಲುತ್ತವೆ.

ನಾನು ಡಿಸೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ತಾರಸಿಯಲ್ಲಿ ಸುಣ್ಣದ ಕಡ್ಡಿಯಿಂದ ನೆರಳಿನ ಅಂಚು ಗುರುತು ಮಾಡಿದೆ. ಡಿಸೆಂಬರ್ ಮೂರನೇ ವಾರದಲ್ಲಿ ಸೂರ್ಯ ದಕ್ಷಿಣಕ್ಕೆ ಪೂರ್ತಿ ವಾಲಿರುತ್ತಾನೆ, ಮಧ್ಯಾಹ್ನದ ನೆರಳು ಉತ್ತರಕ್ಕೆ ಉದ್ದ ಬೀಳುತ್ತದೆ. ಆ ದಿನ ಬಿಸಿಲಿದ್ದ ಜಾಗದಲ್ಲಿ ಉಳಿದ ದಿನಗಳಲ್ಲೂ ಬಹುಪಾಲು ಬಿಸಿಲಿರುತ್ತದೆ. ಆದರೆ ಉತ್ತರ ದಿಕ್ಕನ್ನು ಮರೆಯುವ ಹಾಗಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24-25ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೇ ಇರುತ್ತಾನೆ. ಇವೆರಡರ ನಡುವಿನ ದಿನಗಳಲ್ಲಿ ಸ್ವಲ್ಪ ಉತ್ತರಕ್ಕಿರುತ್ತಾನೆ. ಉತ್ತರದ ಗೋಡೆಗೆ ಒತ್ತಿ ಎತ್ತರದ ಕಟ್ಟಡ ಇದ್ದರೆ ಆಗ ಅದರ ನೆರಳೂ ಬರುತ್ತದೆ.

ಈ ಗುರುತಿನಿಂದ 1,200 ಚದರಡಿ ಸೈಟಿನ ಮನೆಯಲ್ಲಿ ದಿನವಿಡೀ ಬಿಸಿಲು ಬೀಳುವ ಜಾಗ ಸುಮಾರು 250 ಚದರಡಿ ಅಂತ ಗೊತ್ತಾಯಿತು. ಐದು ಕಿಲೋವ್ಯಾಟಿನ ಮಾತು ಅಲ್ಲಿಗೆ ಮುಗಿಯಿತು. ಪಕ್ಕದ ಸೈಟು ಖಾಲಿ ಇದ್ದರೆ ಅಲ್ಲಿ ನಾಳೆ ಮಹಡಿ ಏಳುತ್ತದೆ ಅಂತಲೇ ಲೆಕ್ಕ ಹಾಕಿ. ಬಿಸಿಲು ನಮ್ಮದು ಅಂತ ಯಾರೂ ಬರೆದುಕೊಡುವುದಿಲ್ಲ.

ಕಟ್ಟುವಾಗ ಗಮನಿಸಿದ್ದು

ನಾವು ಹಾಕಿದ್ದು ನಾಲ್ಕು ಪ್ಯಾನೆಲ್. ಒಂದೊಂದೂ ಸುಮಾರು ಏಳೂವರೆ ಅಡಿ ಉದ್ದ, ಮುಕ್ಕಾಲು ಮಣಕ್ಕೂ ಹೆಚ್ಚು ಭಾರ. ಮುಖ ದಕ್ಷಿಣಕ್ಕೆ, ಓರೆ 13 ಡಿಗ್ರಿಯ ಆಸುಪಾಸು, ಅಂದರೆ ನಮ್ಮ ಅಕ್ಷಾಂಶದಷ್ಟೇ. ಅಷ್ಟು ಓರೆ ಇದ್ದರೆ ಮಳೆನೀರು ನಿಲ್ಲದೆ ಜಾರಿ ಧೂಳನ್ನೂ ತೊಳೆಯುತ್ತದೆ.

ಪ್ಯಾನೆಲ್ ಕೆಳಗೆ ಗಾಳಿ ಆಡಬೇಕು. ಬಿಸಿಲು ಬೇಕು, ಕಾವು ಬೇಡ, ಇದು ಇದರ ಸ್ವಭಾವ. 25 ಡಿಗ್ರಿ ಮೇಲೆ ಪ್ಯಾನೆಲ್ಲಿನ ಕಾವು ಏರಿದ ಹಾಗೆ ಒಂದೊಂದು ಡಿಗ್ರಿಗೂ ಶೇಕಡಾ 0.3-0.4ರಷ್ಟು ಇಳುವರಿ ಬೀಳುತ್ತದೆ.

ಏಪ್ರಿಲ್, ಮೇ ತಿಂಗಳ ಗಾಳಿಮಳೆಯನ್ನು ನೆನಪಿಟ್ಟುಕೊಂಡೇ ಚೌಕಟ್ಟು ನಿಲ್ಲಿಸಬೇಕು. ಸತು ಲೇಪದ ಕಬ್ಬಿಣ, ಕಾಲಿಗೆ ಕಾಂಕ್ರೀಟ್ ದಿಮ್ಮಿ. ತಾರಸಿಗೆ ರಂಧ್ರ ಕೊರೆಯಲು ಬಿಡಬೇಡಿ, ಮಳೆಗಾಲದಲ್ಲಿ ಸೋರುತ್ತದೆ. ಅರ್ಥಿಂಗಿಗೆ ಮೂರು ಗುಂಡಿ ಬೇಕು: ಪ್ಯಾನೆಲ್ ಕಡೆಗೊಂದು, ಮನೆ ಲೈನಿನ ಕಡೆಗೊಂದು, ಸಿಡಿಲು ತಡೆಗೊಂದು. 30-40ರ ಸೈಟಿನಲ್ಲಿ ಇದಕ್ಕೆ ಜಾಗ ಹುಡುಕುವುದೇ ಕಷ್ಟ. ನಾವು ಮುಂದಿನ ದಾಸವಾಳದ ಪಾತಿಯ ಉದ್ದಕ್ಕೆ ಹೊಂದಿಸಿದೆವು. ‘ಮೂರೂ ಒಂದೇ ಗುಂಡಿಗೆ ಹಾಕ್ತೀವಿ’ ಅಂದರೆ ಒಪ್ಪಬೇಡಿ.

ಕಾಗದ ಪತ್ರ

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ‘ಪಿಎಂ ಸೂರ್ಯ ಘರ್’ ಯೋಜನೆ ತಂದಿತು. 2026-27ರ ತನಕ ಇದರ ಅವಧಿ. ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ ಸಬ್ಸಿಡಿ, ಮೂರನೆಯದಕ್ಕೆ 18,000. ಒಟ್ಟು 78,000ಕ್ಕೆ ನಿಲ್ಲುತ್ತದೆ. ನೀವು 5 ಹಾಕಿದರೂ ಅಷ್ಟೇ, 10 ಹಾಕಿದರೂ ಅಷ್ಟೇ. ದೊಡ್ಡದು ಬೇಡ ಅನ್ನುವುದಕ್ಕೆ ಇದು ಇನ್ನೊಂದು ಕಾರಣ. ಪ್ಯಾನೆಲ್ಲೂ ಅದರೊಳಗಿನ ಬಿಲ್ಲೆಯೂ ಭಾರತದಲ್ಲೇ ತಯಾರಾಗಿರಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ.

ಸಬ್ಸಿಡಿ ಮೊದಲೇ ಕೈಗೆ ಬರುವುದಿಲ್ಲ. ಪೂರ್ತಿ ಹಣ ಹೊಂದಿಸಿಕೊಂಡು, ಕೆಲಸ ಮುಗಿದು, ಹೊಸ ಮೀಟರು ಕೂತು, ತಪಾಸಣೆ ಆದ ಮೇಲೆ ಬ್ಯಾಂಕಿನ ಖಾತೆಗೆ ಬರುತ್ತದೆ. ಅರ್ಜಿ ಹಾಕುವುದು ಯೋಜನೆಯ ವೆಬ್‌ಸೈಟಿನಲ್ಲಿ, ಮಕ್ಕಳು ಮೊಬೈಲಿನಲ್ಲೇ ಹಾಕಿಕೊಡುತ್ತಾರೆ. 10 ಕಿಲೋವ್ಯಾಟಿನೊಳಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಗೆ ಕಾಯಬೇಕಾಗಿಲ್ಲ ಅಂತ 2024ರಲ್ಲೇ ಕೇಂದ್ರದ ನಿಯಮ ಬದಲಾಗಿದೆ. ಬೆಸ್ಕಾಂ ಜತೆ 25 ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಕು.

ನಮಗೆ ತಡವಾದದ್ದು ಒಂದೇ ಕಡೆ. ಮೀಟರು ಇನ್ನೂ ತೀರಿಕೊಂಡ ನಮ್ಮ ತಂದೆಯ ಹೆಸರಿನಲ್ಲಿತ್ತು. ಹಳ್ಳಿಯಲ್ಲೂ ಪಹಣಿಯಿಂದ ಹಿಡಿದು ಮೀಟರಿನ ತನಕ ಎಲ್ಲವೂ ಹೀಗೇ ಇರುತ್ತದೆ. ಮರಣ ಪತ್ರ, ವಂಶವೃಕ್ಷ, ಕಂದಾಯ ರಸೀದಿ ಕೊಟ್ಟು ಹೆಸರು ಬದಲಾಯಿಸಲು ಎರಡು ತಿಂಗಳು ಹಿಡಿಯಿತು. ಬಿಲ್ಲು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿಕೊಂಡು ಆಮೇಲೆ ಮುಂದುವರಿಯಿರಿ. ಗೃಹಜ್ಯೋತಿಯ ಲಾಭ ಪಡೆಯುತ್ತಿರುವವರು ಸೋಲಾರ್ ಹಾಕಿದರೆ ಅದಕ್ಕೇನಾಗುತ್ತದೆ ಅಂತ ಉಪವಿಭಾಗದ ಕಚೇರಿಯಲ್ಲಿ ಕೇಳಿ ತಿಳಿದೇ ಸಹಿ ಹಾಕಿ.

ಒಂದು ವರ್ಷದ ಲೆಕ್ಕ

ಒಟ್ಟು ಖರ್ಚು 1,35,000. ಮೀಟರು, ಇತರೆ ಸಣ್ಣಪುಟ್ಟದ್ದು 6,000. ಸಬ್ಸಿಡಿ 60,000 ಕಳೆದರೆ ನಮ್ಮ ಕೈಯಿಂದ ಹೋದದ್ದು 81,000 ರೂಪಾಯಿ.

2025ರ ಜನವರಿಯಿಂದ ಡಿಸೆಂಬರ್ ತನಕ ಹುಟ್ಟಿದ ಕರೆಂಟು ಸುಮಾರು 2,800 ಯೂನಿಟ್. ಮಾರ್ಚಿನಲ್ಲಿ ಅತಿ ಹೆಚ್ಚು, 298. ಜುಲೈನಲ್ಲಿ ಮೋಡ ಮುಸುಕಿ 186ಕ್ಕೆ ಇಳಿಯಿತು. ಬಿಲ್ಲು 500ರಿಂದ 1,000 ರೂಪಾಯಿಯೊಳಗೆ ಬಂದಿದೆ. ಸೊನ್ನೆ ಬಿಲ್ ಅಂತ ಹೇಳಿ ಮಾರುವವರನ್ನು ನಂಬಬೇಡಿ. 2025ರ ಏಪ್ರಿಲಿನಲ್ಲಿ ಕಿಲೋವ್ಯಾಟಿಗೆ 145 ರೂಪಾಯಿಯಾದ ನಿಗದಿ ಶುಲ್ಕವನ್ನು ಬಿಸಿಲು ಕರಗಿಸುವುದಿಲ್ಲ.

ವರ್ಷಕ್ಕೆ ಉಳಿದದ್ದು ಸುಮಾರು 18,000. ಹಾಕಿದ ದುಡ್ಡು ನಾಲ್ಕೂವರೆ ವರ್ಷಕ್ಕೆ ವಾಪಸು. ಪ್ಯಾನೆಲ್ಲಿಗೆ 25 ವರ್ಷದ ಭರವಸೆ ಇದೆ, ಕೊನೆಗೆ ಇಳುವರಿ ಶೇಕಡಾ 80ರ ಆಸುಪಾಸಿಗೆ ಇಳಿಯುತ್ತದೆ. ಇನ್ವರ್ಟರ್ ಅನ್ನುವ ಪೆಟ್ಟಿಗೆ ಅಷ್ಟು ಬಾಳುವುದಿಲ್ಲ, ನಡುವೆ ಒಮ್ಮೆಯಾದರೂ ಬದಲಿಸಬೇಕು ಅಂತ ಈಗಲೇ ಲೆಕ್ಕಕ್ಕೆ ಸೇರಿಸಿದ್ದೇನೆ.

ನೋಡಿಕೊಳ್ಳುವುದು ದೊಡ್ಡ ಕೆಲಸವಲ್ಲ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮುಂಚೆ, ಬರಿ ನೀರು ಮತ್ತು ಮೆತ್ತನೆ ಬಟ್ಟೆಯಿಂದ ಒರೆಸುತ್ತೇವೆ. ಸೋಪು ಬೇಡ. ಬೋರ್‌ವೆಲ್ ನೀರು ಗಡಸಾಗಿದ್ದರೆ ಬಿಳಿ ಕಲೆ ಕಟ್ಟುತ್ತದೆ, ಕಾವೇರಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಪಾರಿವಾಳ ಕೆಳಗೆ ಗೂಡು ಕಟ್ಟಿತ್ತು, ಸುತ್ತ ಜಾಲರಿ ಹೊದಿಸಿದ ಮೇಲೆ ಬರಲಿಲ್ಲ.

ಹೊಲಕ್ಕೆ ಬೇರೆ ದಾರಿ

ಪಂಪಿಗೆ ಹಗಲು ಕರೆಂಟು ಬೇಕಾದವರಿಗೆ 2019ರಲ್ಲಿ ಬಂದ ಪಿಎಂ ಕುಸುಮ್ ಇದೆ. ನಮ್ಮ ರಾಜ್ಯದಲ್ಲಿ ಅದರ ‘ಬಿ’ ಭಾಗದ ಸೋಲಾರ್ ಪಂಪಿಗೆ ಕೇಂದ್ರ ಶೇಕಡಾ 30, ರಾಜ್ಯ ಶೇಕಡಾ 50, ರೈತ ಶೇಕಡಾ 20 ಅಂತ ಹಂಚಿಕೆ. ಅದಕ್ಕೂ ಹಿಂದೆ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ‘ಸೂರ್ಯ ರೈತ’ ಯೋಜನೆಯಡಿ 300ರಷ್ಟು ಪಂಪುಗಳಿಗೆ ಸೋಲಾರ್ ಹಾಕಿ, ಮಿಕ್ಕದ್ದನ್ನು ಲೈನಿಗೆ ಕೊಡುವ ಪ್ರಯೋಗ ನಡೆದಿತ್ತು. ಪಾವಗಡದ 2,050 ಮೆಗಾವ್ಯಾಟಿನ ಪಾರ್ಕಿಗೆ ರೈತರು ಸುಮಾರು 13,000 ಎಕರೆಯನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಅದೆಲ್ಲ ನೆಲದ ಪ್ರಶ್ನೆ. ಮನೆ ತಾರಸಿಯದು ಬಿಲ್ಲಿನ ಪ್ರಶ್ನೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು.

ನಮ್ಮನೆಯವರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ವರ್ಷಕ್ಕೆ ಉಳಿಯುವ 18,000ವನ್ನು ಬೇರೆ ಖಾತೆಗೆ ಹಾಕುತ್ತಿದ್ದೇವೆ. ಮೊದಲ ವರ್ಷದ ದುಡ್ಡಿನಲ್ಲಿ ಅರ್ಧ ಎಕರೆಗೆ ಹನಿ ಪೈಪು ಬಂದಿದೆ. ಕೊಟ್ಟಿಗೆಯ ಶೀಟು ಎರಡನೇ ವರ್ಷಕ್ಕೆ. ಐದು ಕಿಲೋವ್ಯಾಟಿಗೆ ಸಾಲ ಮಾಡಿದ್ದರೆ ಈ ಎರಡೂ ಆಗುತ್ತಿರಲಿಲ್ಲ, ಕಂತು ಕಟ್ಟುತ್ತಾ ಇರಬೇಕಾಗಿತ್ತು. ನಿಮ್ಮ ಮನೆಯ ಬಿಲ್ಲು ತಿಂಗಳಿಗೆ 200 ಯೂನಿಟ್ ದಾಟುತ್ತಿದ್ದರೆ, ತಾರಸಿಯಲ್ಲಿ ನೆರಳಿಲ್ಲದ ಇನ್ನೂರು ಚದರಡಿ ಇದ್ದರೆ, ಸಾಲವಿಲ್ಲದೆ ಅಥವಾ ಸಣ್ಣ ಸಾಲದಲ್ಲಿ ಮುಗಿಯುವುದಿದ್ದರೆ ಹಾಕಿಸಿ. ಮೂರರಲ್ಲಿ ಒಂದು ತಪ್ಪಿದರೂ ಈ ವರ್ಷದ ದುಡ್ಡನ್ನು ಹೊಲಕ್ಕೇ ಹಾಕಿ.